ಲಿಸ್ಟೋ ಟಪಲ್ಲೋ: ಬದಲಾಯಿಸುವ ಹಕ್ಕು ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಫೈಲ್‌ನಿಂದ ಸಾಲುಗಳನ್ನು ಓದಿ, ಪ್ರತಿ ಸಾಲನ್ನೂ ಕ್ರಮಸಂಖ್ಯೆ, ಹೆಸರು, ಅಂಕ ಎಂದು ಒಡೆದು, ಎಲ್ಲವನ್ನೂ ಒಟ್ಟುಗೂಡಿಸಿ ಬೇರೆ ಫಂಕ್ಷನ್‌ಗಳಿಗೆ ಕೊಡುತ್ತೇನೆ. ಎಲ್ಲ ಕಡೆ ಲಿಸ್ಟ್ ಬಳಸಿದ್ದೆ. ಕೋಡ್ ರಿವ್ಯೂ ಮಾಡಿದ ಒಬ್ಬರು "ಟಪಲ್ ಹಾಕಿ, ಫಾಸ್ಟ್ ಆಗುತ್ತೆ" ಎಂದರು. ಇನ್ನೊಬ್ಬರು "ಟಪಲ್ ಬರೀ ತಲೆನೋವು, ಲಿಸ್ಟೇ ಇರಲಿ" ಎಂದರು. ಈ ನಡುವೆ ಮೊದಲ ಫೈಲ್‌ನ ಹೆಸರುಗಳು ಎರಡನೇ ಫೈಲ್‌ನ ಪಟ್ಟಿಯಲ್ಲೂ ಬಂದು ಕೂತಿವೆ! ಯಾರ ಮಾತು ಕೇಳಲಿ? ಮುಂದೆ ಇದನ್ನೇ ಜಾವಾದಲ್ಲೂ ಬರೆಯಬೇಕಿದೆ.

ಉತ್ತರ: ಇಬ್ಬರು ಹೇಳಿದ್ದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಇಬ್ಬರೂ ನಿಮ್ಮ ಬಗ್ ಕಡೆ ನೋಡಿಲ್ಲ. ಎರಡೂ ಅಂಶಗಳ ಸಾಲುಗಳೇ: ಮಾಡಿದ ಮೇಲೂ ಲಿಸ್ಟನ್ನು ತಿದ್ದಬಹುದು (ಮ್ಯೂಟಬಲ್), ಟಪಲ್ಲನ್ನು ತಿದ್ದುವಂತಿಲ್ಲ (ಇಮ್ಯೂಟಬಲ್). ಲಿಸ್ಟ್ ಮತ್ತು ಟಪಲ್ ನಡುವಿನ ನಿಜವಾದ ವ್ಯತ್ಯಾಸ ಇರುವುದು ಆ ಬಗ್‌ನಲ್ಲೇ.

"ಇದು ಮುಂದೆ ಬದಲಾಗುತ್ತದೆಯೇ?" ಎಂದು ಕೇಳಿಕೊಂಡು ಆಯ್ಕೆ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆ ಪ್ರಶ್ನೆ ಸಾಲದು. "ಬದಲಾದಾಗ ಅದನ್ನು ಹಿಡಿದುಕೊಂಡವರು ಎಷ್ಟು ಜನ?" ಎಂದೂ ಕೇಳಬೇಕು. ಒಂದೇ ಫಂಕ್ಷನ್‌ನೊಳಗೆ ಹುಟ್ಟಿ ಅಲ್ಲೇ ಸಾಯುವ ಲಿಸ್ಟನ್ನು ಎಷ್ಟು ಬೇಕಾದರೂ ತಿದ್ದಿ, ಯಾರಿಗೂ ತೊಂದರೆಯಿಲ್ಲ. ಅದೇ ಲಿಸ್ಟಿಗೆ ಎರಡು ಕಡೆ ಹೆಸರಿದ್ದರೆ ಇಲ್ಲಿ ತಿದ್ದಿದ್ದು ಅಲ್ಲಿ ಕಾಣುತ್ತದೆ, ಅದೂ ಯಾವ ಎಚ್ಚರಿಕೆಯೂ ಇಲ್ಲದೆ.

ಅಂಕ = [70, 82, 91]
ನಕಲು = ಅಂಕ
ನಕಲು[0] = 35

(ಪೈಥಾನ್ 3 ಕನ್ನಡ ಅಕ್ಷರದ ಹೆಸರುಗಳನ್ನು ಒಪ್ಪುತ್ತದೆ. ಈ ಸಾಲುಗಳನ್ನು ಹೀಗೇ ಓಡಿಸಬಹುದು. ತಂಡದವರು ಒಪ್ಪುತ್ತಾರೋ ಇಲ್ಲವೋ ಅದು ಬೇರೆ ಮಾತು.)

ಈಗ ಅಂಕ[0] ಎಷ್ಟು? 35. "ನಕಲು" ಹೆಸರಿಗೆ ಮಾತ್ರ ನಕಲು. ಎರಡನೇ ಸಾಲಿನ ಸಮಚಿಹ್ನೆ ಏನನ್ನೂ ಕಾಪಿ ಮಾಡಲಿಲ್ಲ, ಇದ್ದ ಲಿಸ್ಟಿಗೇ ಇನ್ನೊಂದು ಹೆಸರಿಟ್ಟಿತು, ಅಷ್ಟೇ. ಫಂಕ್ಷನ್‌ಗೆ ಲಿಸ್ಟ್ ಕೊಟ್ಟಾಗಲೂ ಹೀಗೆಯೇ: ಒಳಗಿನ ಪ್ಯಾರಾಮೀಟರ್ ಎಂಬುದು ನಿಮ್ಮ ಲಿಸ್ಟಿನ ಇನ್ನೊಂದು ಹೆಸರು. ಆ ಫಂಕ್ಷನ್ ಬರೆದವರು ತಮ್ಮ ಅನುಕೂಲಕ್ಕೆ ಒಂದು ಸಾರ್ಟ್ ಕರೆದರೆ ನಿಮ್ಮ ಸಾಲುಗಳ ಕ್ರಮ ಹೋಯಿತು. ತಪ್ಪು ನಡೆದದ್ದು ಅಲ್ಲಿ, ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಎಂದು ಪೈಥಾನ್ ತೋರಿಸುವ ವರದಿ) ಬರುವುದು ನೂರು ಸಾಲು ಆಚೆ, ನಿಮ್ಮ ಕೋಡ್‌ನಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮ್ಯೂಟಬಲ್ ಡೇಟಾದ ಬಗ್ ಹುಡುಕುವುದು ಕಷ್ಟವಾಗುವುದು ಇದರಿಂದಲೇ. ಬಿದ್ದ ಜಾಗ ಒಂದು, ಜಾರಿದ ಜಾಗ ಇನ್ನೊಂದು.

ಈಗ ನಿಮ್ಮ ಬಗ್. ಕೋಡ್ ಕಳಿಸಿಲ್ಲ, ಆದರೂ ಲಕ್ಷಣ ನೋಡಿದರೆ ಮೊದಲ ಅನುಮಾನ ಒಂದೇ: ಓದುವ ಫಂಕ್ಷನ್‌ನ ಪ್ಯಾರಾಮೀಟರ್‌ಗೆ ಖಾಲಿ ಲಿಸ್ಟನ್ನು ಡೀಫಾಲ್ಟ್ ಮೌಲ್ಯವಾಗಿ (ಕರೆದವರು ಏನೂ ಕೊಡದಿದ್ದಾಗ ಬಳಸುವುದು) ಕೊಟ್ಟಿದ್ದೀರಿ. ಆ ಖಾಲಿ ಲಿಸ್ಟ್ ಫಂಕ್ಷನ್ ಕರೆದಾಗಲೆಲ್ಲ ಹೊಸದಾಗಿ ಹುಟ್ಟುವುದಿಲ್ಲ. ಫಂಕ್ಷನ್ ಶುರುವಾಗುವ ಡೆಫ್ (def) ಸಾಲು ಓಡಿದಾಗ ಒಮ್ಮೆ ಹುಟ್ಟಿ ಫಂಕ್ಷನ್ ಜೊತೆಗೇ ಉಳಿಯುತ್ತದೆ. ಮೊದಲ ಕರೆ ಅದಕ್ಕೆ 40 ಹೆಸರು ಸೇರಿಸಿದರೆ ಎರಡನೇ ಕರೆಗೆ ಸಿಗುವ "ಖಾಲಿ" ಲಿಸ್ಟಿನಲ್ಲಿ ಆಗಲೇ 40 ಮಂದಿ ಕೂತಿರುತ್ತಾರೆ. ಪರಿಹಾರ ಎರಡು ಸಾಲಿನದು: ಡೀಫಾಲ್ಟ್ ಆಗಿ ನನ್ (None) ಎಂಬ, "ಏನೂ ಇಲ್ಲ" ಎಂದು ಸೂಚಿಸುವ ಮೌಲ್ಯ ಕೊಡಿ, ಒಳಗೆ, ಬಂದದ್ದು ನನ್ ಆಗಿದ್ದರೆ ಅಲ್ಲೇ ಹೊಸ ಲಿಸ್ಟ್ ಮಾಡಿಕೊಳ್ಳಿ. "ಬಂದದ್ದು ಖಾಲಿಯೇ?" ಎಂದು ಪರೀಕ್ಷಿಸಬೇಡಿ, "ನನ್ ಆಗಿದೆಯೇ?" ಎಂದೇ ಪರೀಕ್ಷಿಸಿ. ಇಲ್ಲದಿದ್ದರೆ ಯಾರಾದರೂ ಬೇಕೆಂದೇ ಖಾಲಿ ಲಿಸ್ಟ್ ಕೊಟ್ಟು "ಇದನ್ನು ತುಂಬಿಸಿಕೊಡಿ" ಎಂದಾಗ ನೀವು ಬೇರೆ ಲಿಸ್ಟ್ ತುಂಬಿಸಿ ಕೂರುತ್ತೀರಿ, ಅವರದು ಖಾಲಿಯೇ ಉಳಿಯುತ್ತದೆ. ಡೀಫಾಲ್ಟ್ ಜಾಗದಲ್ಲಿ ಖಾಲಿ ಟಪಲ್ ಇದ್ದಿದ್ದರೆ ಈ ಬಗ್ ಹುಟ್ಟುತ್ತಲೇ ಇರಲಿಲ್ಲ, ಅಪೆಂಡ್ ಮಾಡಲು (ಕೊನೆಗೆ ಒಂದು ಅಂಶ ಸೇರಿಸಲು) ಹೋದ ಮೊದಲ ಸಲವೇ ಎರರ್ ಬರುತ್ತಿತ್ತು.

ಇದೇ ಜಾತಿಯ ಇನ್ನೊಂದು:

ಚೌಕ = [[0] * 3] * 3
ಚೌಕ[0][0] = 7

ಮೂರು ಸಾಲಿನ ಒಂದು ಮನೆಯಲ್ಲಿ 7 ಬರೆದಿರಿ ಅಂದುಕೊಂಡರೆ ಮೂರೂ ಸಾಲಿನ ಮೊದಲ ಮನೆಯಲ್ಲಿ 7. ಹೊರಗಿನ ಗುಣಾಕಾರ ಒಳಗಿನ ಲಿಸ್ಟನ್ನು ಮೂರು ಸಲ ಮಾಡುವುದಿಲ್ಲ, ಒಂದೇ ಲಿಸ್ಟನ್ನು ಮೂರು ಸಲ ತೋರಿಸುತ್ತದೆ. ಒಳಗಿನ [0] * 3 ಮಾತ್ರ ಏಕೆ ತೊಂದರೆ ಕೊಡುವುದಿಲ್ಲ? ಅಲ್ಲೂ ಒಂದೇ ಸೊನ್ನೆಯನ್ನು ಮೂರು ಸಲ ತೋರಿಸಿದ್ದು ನಿಜ. ಆದರೆ ಸಂಖ್ಯೆ ಇಮ್ಯೂಟಬಲ್. ಸೊನ್ನೆಯನ್ನು ಯಾರೂ ತಿದ್ದಲಾರರು, ಅದರ ಜಾಗದಲ್ಲಿ ಬೇರೆ ಸಂಖ್ಯೆ ಇಡಬಹುದು ಅಷ್ಟೇ. ಹಂಚಿಕೊಳ್ಳುವುದು ತಾನಾಗಿ ತಪ್ಪಲ್ಲ, ತಿದ್ದುವುದೂ ತಪ್ಪಲ್ಲ. ಎರಡೂ ಒಟ್ಟಿಗೆ ನಡೆದಾಗ ಕೆಡುತ್ತದೆ. ಲಿಸ್ಟ್ ಕಾಂಪ್ರಹೆನ್ಷನ್ (ಆವರಣದೊಳಗೇ ಲೂಪ್ ಇಟ್ಟು ಲಿಸ್ಟ್ ಕಟ್ಟುವ ರೀತಿ) ಬರೆದು ಪ್ರತಿ ಸಾಲಿಗೂ ಹೊಸ [0] * 3 ಮಾಡಿಸಿದರೆ ಸರಿಹೋಗುತ್ತದೆ.

ಮೊದಲ ರಿವ್ಯೂಕಾರರ ವೇಗದ ವಾದಕ್ಕೆ ಬರೋಣ. 64 ಬಿಟ್ ಸಿಪೈಥಾನ್ (ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್) 3.12ರಲ್ಲಿ ಖಾಲಿ ಲಿಸ್ಟ್ 56 ಬೈಟ್, ಖಾಲಿ ಟಪಲ್ 40 ಬೈಟ್. ಎರಡರಲ್ಲೂ ಒಂದೊಂದು ಅಂಶಕ್ಕೆ 8 ಬೈಟ್‌ನ ಪಾಯಿಂಟರ್ (ಅಂಶ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ). ಅಂದರೆ ಒಂದಕ್ಕೆ ಉಳಿತಾಯ 16 ಬೈಟ್. ಇಡೀ ಪ್ರೋಗ್ರಾಂನಲ್ಲಿ ಹತ್ತು ಲಿಸ್ಟ್ ಇದ್ದರೆ ಇದರ ಬಗ್ಗೆ ಮಾತಾಡಿದ್ದೇ ಸಮಯ ದಂಡ. 10 ಲಕ್ಷ ಸಾಲುಗಳನ್ನು ತಲಾ ಒಂದು ಲಿಸ್ಟ್ ಬದಲು ತಲಾ ಒಂದು ಟಪಲ್ ಮಾಡಿದರೆ ಕನಿಷ್ಠ 16 ಎಂಬಿ ಉಳಿಯುತ್ತದೆ, ಅದು ಲೆಕ್ಕಕ್ಕೆ ಬರುತ್ತದೆ. ಇನ್ನು (1, 2, 3) ತರಹ ಬರೀ ಸ್ಥಿರ ಮೌಲ್ಯಗಳ ಟಪಲ್ ಬರೆದರೆ ಪೈಥಾನ್ ಅದನ್ನು ಕಂಪೈಲ್ ಹಂತದಲ್ಲೇ ಒಮ್ಮೆ ಮಾಡಿಟ್ಟುಕೊಳ್ಳುತ್ತದೆ. ಲಿಸ್ಟನ್ನಾದರೆ ಆ ಸಾಲು ಓಡಿದಾಗಲೆಲ್ಲ ಹೊಸದಾಗಿ ಕಟ್ಟಬೇಕು. ಐದನೇ ಅಂಶ ಯಾವುದು ಎಂದು ಕೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಉತ್ತರಿಸುತ್ತವೆ. ವೇಗಕ್ಕಾಗಿ ಟಪಲ್ ಎಂಬ ವಾದದ ತೂಕ ಇಷ್ಟೇ.

ತಪ್ಪು ಜಾಗದಲ್ಲಿ ಟಪಲ್ ಹಾಕಿದರೆ ಆಗುವ ನಷ್ಟ ಇದಕ್ಕಿಂತ ಬಹಳ ದೊಡ್ಡದು. ಟಪಲ್‌ಗೆ ಒಂದು ಅಂಶ ಸೇರಿಸುವುದು ಎಂದರೆ ಇರುವುದನ್ನೆಲ್ಲ ಹೊಸ ಟಪಲ್‌ಗೆ ಕಾಪಿ ಮಾಡಿ ಕೊನೆಗೆ ಒಂದನ್ನು ಇಡುವುದು. ಲೂಪ್‌ನಲ್ಲಿ ಹೀಗೆ ಒಂದೊಂದಾಗಿ 10,000 ಸೇರಿಸಿದರೆ ಒಟ್ಟು ಕಾಪಿಗಳು ಸುಮಾರು 5 ಕೋಟಿ. 1 ಲಕ್ಷ ಸೇರಿಸಿದರೆ 500 ಕೋಟಿ. ಡೇಟಾ ಹತ್ತು ಪಟ್ಟು, ಕೆಲಸ ನೂರು ಪಟ್ಟು. 50 ಸಾಲಿನ ಟೆಸ್ಟ್ ಫೈಲ್‌ನಲ್ಲಿ ಇದು ಕಾಣುವುದೇ ಇಲ್ಲ. ನಿಜವಾದ ಫೈಲ್ ಬಂದ ದಿನ ಲ್ಯಾಪ್‌ಟಾಪ್‌ನ ಫ್ಯಾನ್ ತಾನೇ ರಿವ್ಯೂ ಬರೆಯುತ್ತದೆ. ಲಿಸ್ಟ್ ಹಾಗಲ್ಲ: ತುಂಬಿದಾಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಜಾಗ ಹಿಡಿದಿಟ್ಟುಕೊಳ್ಳುತ್ತದೆ. ಒಂದೊಂದೇ ಅಪೆಂಡ್ ಮಾಡುತ್ತ ಹೋದರೆ ಸಿಪೈಥಾನ್ ಹಿಡಿಯುವ ಜಾಗ 4, 8, 16, 24, 32, 40, 52, 64 ಹೀಗೆ ಬೆಳೆಯುತ್ತದೆ. ಮುಂದೆ ಈ ಹೆಚ್ಚುವರಿ ಸುಮಾರು ಎಂಟನೇ ಒಂದು ಭಾಗದಷ್ಟು. ಹಾಗಾಗಿ ಹೆಚ್ಚಿನ ಅಪೆಂಡ್‌ಗಳಲ್ಲಿ ಕಾಪಿಯೇ ಇಲ್ಲ.

ಸ್ಟ್ರಿಂಗ್ ಕೂಡ ಇಮ್ಯೂಟಬಲ್ ಸಾಲೇ, ಅಕ್ಷರಗಳ ಸಾಲು. ಲೂಪ್‌ನಲ್ಲಿ ಪ್ಲಸ್ ಹಾಕಿ ಉದ್ದನೆಯ ವರದಿ ಕಟ್ಟುವವರು ಮೇಲಿನ ಲೆಕ್ಕವನ್ನೇ ಅಕ್ಷರಗಳಲ್ಲಿ ಮಾಡುತ್ತಿರುತ್ತಾರೆ. ಸಿಪೈಥಾನ್‌ನಲ್ಲಿ ಆ ಸ್ಟ್ರಿಂಗ್‌ಗೆ ಒಂದೇ ಹೆಸರಿದ್ದರೆ ಇದ್ದ ಜಾಗದಲ್ಲೇ ಬೆಳೆಸುವ ಒಂದು ಉಪಾಯವಿದೆ. ಅದರಿಂದ ಕೆಲವೊಮ್ಮೆ ಬಚಾವಾಗುತ್ತೀರಿ. ಆದರೆ ಸ್ಟ್ರಿಂಗನ್ನು ಇನ್ನೊಂದು ಕಡೆ ಹಿಡಿದಿಟ್ಟ ಕೂಡಲೇ ಆ ಉಪಾಯ ಕೈಕೊಡುತ್ತದೆ, ಅದನ್ನು ನಂಬಿ ಕೂರಬೇಡಿ. ತುಣುಕುಗಳನ್ನು ಲಿಸ್ಟಿಗೆ ಅಪೆಂಡ್ ಮಾಡಿ, ಕೊನೆಗೆ ಎಲ್ಲವನ್ನೂ ಕೂಡಿಸುವ ಒಂದು ಜಾಯಿನ್. ಬೈಟ್‌ಗಳಾದರೆ ಬೈಟ್ಸ್ ಬದಲು ತಿದ್ದಬಹುದಾದ ಬೈಟ್‌ಅರೇ.

ಕಟ್ಟುವಾಗ ಮ್ಯೂಟಬಲ್, ಕೊಡುವಾಗ ಇಮ್ಯೂಟಬಲ್. ನಿಮಗೆ ಬೇಕಾದ ನಿಯಮ ಇದೇ. ಒಳಗೆ ಲಿಸ್ಟ್ ಇಟ್ಟುಕೊಂಡು ಕಟ್ಟಿ, ಹೊರಗೆ ಕಳಿಸುವಾಗ ಟಪಲ್ ಮಾಡಿ ಕಳಿಸಿ. ಕೊನೆಯ ಆ ಪರಿವರ್ತನೆಗೆ ತಗಲುವುದು ಒಂದೇ ಸುತ್ತಿನ ಕಾಪಿ: 10 ಲಕ್ಷ ಅಂಶಕ್ಕೆ 8 ಎಂಬಿಯಷ್ಟು ಪಾಯಿಂಟರ್‌ಗಳು.

ಎರಡನೇ ರಿವ್ಯೂಕಾರರು ಹೇಳಿದ ತಲೆನೋವಿಗೂ ಆಧಾರವಿದೆ. ಟಪಲ್ ಮಾಡುವುದು ಅಲ್ಪವಿರಾಮ, ಆವರಣವಲ್ಲ. (5) ಎಂದರೆ ಬರೀ 5. ಟಪಲ್ ಬೇಕಿದ್ದರೆ (5,) ಎಂದು ಬರೆಯಬೇಕು. ತಿರುಗಾಮುರುಗಾ ಆಗಿ

ವಯಸ್ಸು = 30,

ಎಂದು ಕೈತಪ್ಪಿ ಒಂದು ಅಲ್ಪವಿರಾಮ ಬಿದ್ದರೆ ಸಾಲು ಯಾವ ದೂರೂ ಇಲ್ಲದೆ ಓಡುತ್ತದೆ, ವಯಸ್ಸು ಒಂದೇ ಅಂಶದ ಟಪಲ್ ಆಗಿರುತ್ತದೆ. ಮುಂದೆ ಎಲ್ಲೋ ಅದಕ್ಕೆ 1 ಕೂಡಿಸಲು ಹೋದಾಗ ಜಗಳ ಶುರು.

ಇದಕ್ಕಿಂತ ಸ್ವಾರಸ್ಯದ್ದು ಟಪಲ್ ಒಳಗಿನ ಲಿಸ್ಟ್:

ಜೋಡಿ = ([1, 2], 5)
ಜೋಡಿ[0] += [3]

ಪೈಥಾನ್ ಇಲ್ಲಿ ಟೈಪ್‌ಎರರ್ ಎಸೆಯುತ್ತದೆ: ಟಪಲ್‌ನ ಅಂಶ ಬದಲಾಯಿಸುವಂತಿಲ್ಲ ಎಂದು. ಆಮೇಲೆ ಜೋಡಿಯನ್ನು ಮುದ್ರಿಸಿ ನೋಡಿ: ([1, 2, 3], 5). ಬೈಯ್ದದ್ದೂ ಆಯಿತು, ಕೆಲಸ ಮಾಡಿಕೊಟ್ಟದ್ದೂ ಆಯಿತು. ಕಾರಣ ಇಷ್ಟು: += ಎರಡು ಹಂತದ ಕೆಲಸ. ಮೊದಲು ಒಳಗಿನ ಲಿಸ್ಟಿಗೆ "ನೀನೇ ಬೆಳೆ" ಎನ್ನುತ್ತದೆ, ಲಿಸ್ಟ್ ಬೆಳೆಯುತ್ತದೆ. ನಂತರ ಬಂದ ಫಲಿತಾಂಶವನ್ನು ಟಪಲ್‌ನ 0ನೇ ಜಾಗಕ್ಕೆ ವಾಪಸ್ ಇಡಲು ಹೋಗುತ್ತದೆ, ಅಲ್ಲಿ ಟಪಲ್ ತಡೆಯುತ್ತದೆ. ಅಷ್ಟರಲ್ಲಿ ಮೊದಲ ಹಂತ ಮುಗಿದಾಗಿದೆ. ಟಪಲ್ ಕಾಯುವುದು ತನ್ನ ಜಾಗಗಳಲ್ಲಿ ಯಾವ ವಸ್ತು ಇದೆ ಎಂಬುದನ್ನು ಮಾತ್ರ, ಆ ವಸ್ತುವಿನ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನಲ್ಲ. ಪೂರ್ತಿ ಇಮ್ಯೂಟಬಲ್ ಬೇಕಿದ್ದರೆ ಒಳಗಿನದೆಲ್ಲವೂ ಇಮ್ಯೂಟಬಲ್ ಆಗಿರಬೇಕು.

ಕಾಪಿಗೂ ಇದೇ ಮಿತಿ. ಅಂಕ[:] ಎಂದು ಬರೆದರೆ ಹೊಸ ಲಿಸ್ಟ್ ಸಿಗುತ್ತದೆ, ಒಳಗಿನ ಲಿಸ್ಟ್‌ಗಳು ಹಳೆಯವೇ. ಆಳದವರೆಗೂ ಬೇರೆಯದೇ ಬೇಕಿದ್ದರೆ ಕಾಪಿ ಮಾಡ್ಯೂಲ್‌ನ ಡೀಪ್‌ಕಾಪಿ ಇದೆ, ಆದರೆ ನಿಧಾನ. ಎಲ್ಲೆಡೆ ಡೀಪ್‌ಕಾಪಿ ಚಿಮುಕಿಸಿದ ಕೋಡ್ ಕಂಡರೆ, ಡೇಟಾ ಯಾರದು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಸಂಖ್ಯೆಗಳ ಲೆಕ್ಕಕ್ಕೆ ನಂಪೈ ಲೈಬ್ರರಿ ಬಳಸುವವರಿಗೆ ಒಂದು ಮಾತು: ಲಿಸ್ಟಿನ ಸ್ಲೈಸ್ (ಮೇಲಿನ [:] ತರಹ ಒಂದು ಭಾಗ ತೆಗೆಯುವುದು) ಕಾಪಿ, ಆದರೆ ನಂಪೈ ಅರೇಯ ಸ್ಲೈಸ್ ಕಾಪಿಯಲ್ಲ. ಅದು ಅದೇ ಮೆಮೊರಿಯ ಮೇಲಿನ ಕಿಟಕಿ, ಅಲ್ಲಿ ಬರೆದರೆ ಮೂಲ ಅರೇಯೂ ಬದಲಾಗುತ್ತದೆ.

ಲೂಪ್ ನಡೆಯುತ್ತಿರುವಾಗಲೇ ಅದೇ ಲಿಸ್ಟಿನಿಂದ ತೆಗೆಯಬೇಡಿ. [1, 2, 2, 3] ರಲ್ಲಿ 2 ಕಂಡಾಗಲೆಲ್ಲ ರಿಮೂವ್ ಮಾಡುವ ಲೂಪ್ ಬರೆದರೆ ಕೊನೆಗೆ ಉಳಿಯುವುದು [1, 2, 3]. ಮೊದಲ 2 ಹೋದ ಕೂಡಲೇ ಎರಡನೆಯದು ಅದರ ಜಾಗಕ್ಕೆ ಸರಿಯುತ್ತದೆ, ಲೂಪ್ ಮಾತ್ರ ಮುಂದಿನ ಜಾಗಕ್ಕೆ ಹೋಗಿರುತ್ತದೆ. ಬೇಕಾದವನ್ನು ಆರಿಸಿ ಹೊಸ ಲಿಸ್ಟ್ ಮಾಡಿಕೊಳ್ಳಿ. ಸಾರ್ಟ್ ಮತ್ತು ಸಾರ್ಟೆಡ್ ಗೊಂದಲವೂ ಹಳೆಯದು: ಸಾರ್ಟ್ ಇದ್ದ ಲಿಸ್ಟನ್ನೇ ಜೋಡಿಸಿ ನನ್ ಹಿಂತಿರುಗಿಸುತ್ತದೆ, ಸಾರ್ಟೆಡ್ ಹೊಸ ಲಿಸ್ಟ್ ಕೊಡುತ್ತದೆ. ಸಾರ್ಟ್‌ನ ಫಲಿತಾಂಶವನ್ನು ಅದೇ ಹೆಸರಿಗೆ ಕೊಟ್ಟವರ ಡೇಟಾ ಎಷ್ಟು ಚೆನ್ನಾಗಿ ಜೋಡಣೆಯಾಗಿತ್ತು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ.

ಟಪಲ್ ಬಿಟ್ಟರೆ ಗತಿಯಿಲ್ಲದ ಜಾಗ ಡಿಕ್ಷನರಿಯ ಕೀ, ಅಂದರೆ ಅದರಲ್ಲಿಟ್ಟ ಮೌಲ್ಯವನ್ನು ಹುಡುಕಲು ಕೊಡುವ ಗುರುತು. (ತರಗತಿ, ವಿಷಯ) ಜೋಡಿಯ ಮೇಲೆ ಸರಾಸರಿ ಇಡಬೇಕಿದ್ದರೆ ಆ ಜೋಡಿ ಟಪಲ್ ಆಗಲೇಬೇಕು. ಲಿಸ್ಟ್ ಕೊಟ್ಟರೆ ಅದಕ್ಕೆ ಹ್ಯಾಶ್ (ಒಳಗಿನ ಮೌಲ್ಯದಿಂದ ಲೆಕ್ಕ ಹಾಕುವ ಸಂಖ್ಯೆ) ಇಲ್ಲ ಎಂದು ಪೈಥಾನ್ ತಿರಸ್ಕರಿಸುತ್ತದೆ. ಇದು ಹಟವಲ್ಲ. ಡಿಕ್ಷನರಿ ಕೀಯ ಹ್ಯಾಶ್ ಲೆಕ್ಕ ಹಾಕಿ, ಆ ಸಂಖ್ಯೆಯಿಂದ ಯಾವ ಜಾಗದಲ್ಲಿ ಇಡಬೇಕು ಎಂದು ನಿರ್ಧರಿಸುತ್ತದೆ. ಇಟ್ಟ ಮೇಲೆ ಕೀ ಬದಲಾದರೆ ಹ್ಯಾಶ್ ಬದಲಾಗುತ್ತದೆ, ಹುಡುಕುವಾಗ ಬೇರೆ ಜಾಗಕ್ಕೆ ಹೋಗಿ "ಇಲ್ಲ" ಎಂದು ಬರುತ್ತದೆ. ಜಾವಾ ಈ ವಿಷಯದಲ್ಲಿ ಉದಾರಿ. ಅರೇಲಿಸ್ಟನ್ನು (ಅಲ್ಲಿನ ತಿದ್ದಬಹುದಾದ ಲಿಸ್ಟ್) ಹ್ಯಾಶ್‌ಸೆಟ್‌ಗೆ (ಹ್ಯಾಶ್ ನೋಡಿ ಅಂಶಗಳನ್ನಿಡುವ ಸಂಗ್ರಹ) ಹಾಕಲು ಬಿಡುತ್ತದೆ. ಹಾಕಿದ ಮೇಲೆ ಆ ಲಿಸ್ಟಿಗೆ ಒಂದು ಅಂಶ ಸೇರಿಸಿ, ಸೆಟ್‌ನಲ್ಲಿ ಇದೆಯೇ ಎಂದು ಕೇಳಿ. ಇಲ್ಲ ಎನ್ನುತ್ತದೆ. ಸೆಟ್ಟನ್ನು ಲೂಪ್ ಮಾಡಿ ನೋಡಿದರೆ ಅಲ್ಲೇ ಕೂತಿರುತ್ತದೆ!

ಫಂಕ್ಷನ್ ಫಲಿತಾಂಶವನ್ನು ನೆನಪಿಟ್ಟುಕೊಳ್ಳುವ ಎಲ್‌ಆರ್‌ಯು ಕ್ಯಾಶ್ ಡೆಕೊರೇಟರ್‌ಗೂ ಆರ್ಗ್ಯುಮೆಂಟ್‌ಗಳು ಹ್ಯಾಶ್ ಆಗುವಂತಿರಬೇಕು, ಆದ್ದರಿಂದ ಅಲ್ಲೂ ಟಪಲ್. ಒಳಹೋಗುವುದನ್ನು ಎಲ್ಲರೂ ಸರಿಮಾಡುತ್ತಾರೆ, ಯಾಕೆಂದರೆ ಎರರ್ ಬರುತ್ತದೆ. ಹೊರಬರುವುದನ್ನು ಯಾರೂ ನೋಡುವುದಿಲ್ಲ. ಆ ಫಂಕ್ಷನ್ ಲಿಸ್ಟ್ ಹಿಂತಿರುಗಿಸಿದರೆ ಕರೆದವರಿಗೆಲ್ಲ ಸಿಗುವುದು ಕ್ಯಾಶ್‌ನಲ್ಲಿರುವ ಅದೇ ಲಿಸ್ಟ್. ಒಬ್ಬರು ಅದಕ್ಕೊಂದು "ಒಟ್ಟು" ಸಾಲು ಅಪೆಂಡ್ ಮಾಡಿದರೆ ಮುಂದೆ ಬರುವವರೆಲ್ಲರಿಗೂ ಆ ಸಾಲು ಉಚಿತ. ಕ್ಯಾಶ್ ಮಾಡುವ ಫಂಕ್ಷನ್ ಟಪಲ್ ಹಿಂತಿರುಗಿಸಲಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಜಾವಾಕ್ಕೆ ಹೋಗುವಾಗ ಇಷ್ಟು ಗೊತ್ತಿರಲಿ. ಫೈನಲ್ ಎಂದು ಬರೆದರೆ ಲಿಸ್ಟ್ ಇಮ್ಯೂಟಬಲ್ ಆಗುವುದಿಲ್ಲ. ಆ ಹೆಸರಿಗೆ ಬೇರೆ ಲಿಸ್ಟ್ ಕೊಡುವಂತಿಲ್ಲ ಅಷ್ಟೇ, ಒಳಗೆ ಸೇರಿಸಲು ತೆಗೆಯಲು ಯಾವ ಅಡ್ಡಿಯೂ ಇಲ್ಲ. ಜಾವಾಸ್ಕ್ರಿಪ್ಟ್‌ನ ಕಾನ್ಸ್ಟ್ ಕೂಡ ಹೀಗೇ. ಅರೇಸ್ ಡಾಟ್ ಆಸ್‌ಲಿಸ್ಟ್ ಕೊಡುವುದು ಎಡಬಿಡಂಗಿ: ಇರುವ ಅಂಶವನ್ನು ಬದಲಾಯಿಸಬಹುದು, ಹೊಸದು ಸೇರಿಸುವಂತಿಲ್ಲ. ಕಲೆಕ್ಷನ್ಸ್ ಡಾಟ್ ಅನ್‌ಮಾಡಿಫೈಯಬಲ್‌ಲಿಸ್ಟ್ ಕೊಡುವುದು ಕಾಪಿಯಲ್ಲ, ಬರೀ ಒಂದು ನೋಟ. ಅದರ ಮೂಲಕ ನೀವು ತಿದ್ದಲಾರಿರಿ, ಆದರೆ ಮೂಲ ಲಿಸ್ಟ್ ಹಿಡಿದವರು ತಿದ್ದಿದರೆ ನಿಮ್ಮ ಕಣ್ಣೆದುರೇ ಬದಲಾಗುತ್ತದೆ. ಜಾವಾ 9ರಲ್ಲಿ ಬಂದ ಲಿಸ್ಟ್ ಡಾಟ್ ಆಫ್ ಮತ್ತು ಜಾವಾ 10ರ ಲಿಸ್ಟ್ ಡಾಟ್ ಕಾಪಿಆಫ್ ನಿಜಕ್ಕೂ ಬದಲಾಗದ ಲಿಸ್ಟ್ ಕೊಡುತ್ತವೆ. ಅವು ನಲ್ ಒಪ್ಪುವುದಿಲ್ಲ, ಫೈಲ್‌ನಲ್ಲಿ ಖಾಲಿ ಬಿಟ್ಟ ಅಂಕವನ್ನು ನಲ್ ("ಏನೂ ಇಲ್ಲ") ಎಂದು ಅವಕ್ಕೆ ಕೊಟ್ಟರೆ ಅಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಷನ್ ಕಾದಿರುತ್ತದೆ. ತಿದ್ದಲು ಹೋದವರಿಗೆ ಎಕ್ಸೆಪ್ಷನ್ ಬರುವುದು ಪ್ರೋಗ್ರಾಂ ಓಡುವಾಗ, ಕಂಪೈಲ್ ಮಾಡುವಾಗಲ್ಲ. ಯಾಕೆಂದರೆ ಎರಡೂ ಬಗೆಯ ಲಿಸ್ಟಿಗೆ ಜಾವಾದಲ್ಲಿ ಟೈಪ್ ಒಂದೇ.

ಪ್ರತಿ ಬದಲಾವಣೆಗೂ ಪೂರ್ತಿ ಕಾಪಿ ಎಂಬ ದುಬಾರಿ ಲೆಕ್ಕ ಎಲ್ಲ ಭಾಷೆಗೂ ಅನ್ವಯಿಸುವುದಿಲ್ಲ ಎಂಬುದನ್ನೂ ಸೇರಿಸಬೇಕು. ಕ್ಲೋಜರ್ (Clojure) ಎಂಬ ಭಾಷೆಯಲ್ಲಿ ಲಿಸ್ಟಿನ ಜಾಗದಲ್ಲಿ ಬಳಸುವ ವೆಕ್ಟರ್ ಇಮ್ಯೂಟಬಲ್, ಆದರೆ ಒಳಗೆ ಅದು 32 ಕವಲಿನ ಮರ. ಒಂದು ಅಂಶ ಬದಲಾದರೆ ಬುಡದಿಂದ ಆ ಅಂಶದವರೆಗಿನ ದಾರಿಯಲ್ಲಿರುವ ನೋಡ್‌ಗಳನ್ನಷ್ಟೇ ಹೊಸದಾಗಿ ಮಾಡಿ, ಉಳಿದ ಕೊಂಬೆಗಳನ್ನು ಹಳೆಯದರ ಜೊತೆ ಹಂಚಿಕೊಳ್ಳುತ್ತದೆ. 32ನ್ನು ನಾಲ್ಕು ಸಲ ಗುಣಿಸಿದರೆ 10,48,576. ಅಂದರೆ 10 ಲಕ್ಷ ಅಂಶಗಳ ವೆಕ್ಟರ್‌ನಲ್ಲಿ ನಾಲ್ಕು ನೋಡ್ ಕಾಪಿ ಮಾಡಿದರೆ ಮುಗಿಯಿತು. ಪೈಥಾನ್‌ನ ಟಪಲ್‌ಗೆ ಈ ವಿದ್ಯೆ ಗೊತ್ತಿಲ್ಲ.

ನಿಮ್ಮ ಪ್ರೋಗ್ರಾಂಗೆ ಬರೋಣ. ಒಂದು ಸಾಲಿನ ಕ್ರಮಸಂಖ್ಯೆ, ಹೆಸರು, ಅಂಕ: ಮೂರೇ ಜಾಗ, ಒಂದೊಂದಕ್ಕೂ ಬೇರೆ ಅರ್ಥ, ಉದ್ದ ಎಂದೂ ಬದಲಾಗದು. ಇದು ಟಪಲ್, ಅದರಲ್ಲೂ ಪ್ರತಿ ಜಾಗಕ್ಕೂ ಹೆಸರಿರುವ ನೇಮ್ಡ್‌ಟಪಲ್. ಸಾಲು[2] ಎಂದರೆ ಅಂಕವೋ ಹೆಸರೋ ಎಂದು ಮೂರು ತಿಂಗಳ ಮೇಲೆ ಯೋಚಿಸುವ ಕೆಲಸ ತಪ್ಪುತ್ತದೆ. ಕಾಲಂ ಹೆಸರುಗಳ ಸ್ಥಿರ ಪಟ್ಟಿಯೂ ಟಪಲ್. ಓದುತ್ತ ಹೋದಂತೆ ಬೆಳೆಯುವ ದಾಖಲೆಗಳ ಸಂಗ್ರಹ ಲಿಸ್ಟ್, ಓದುವ ಫಂಕ್ಷನ್‌ನೊಳಗೇ ಹುಟ್ಟಲಿ, ಹಿಂತಿರುಗಿಸುವಾಗ ಟಪಲ್ ಆಗಲಿ. ಮುಂದಿನಿಂದ ಒಂದೊಂದೇ ತೆಗೆದು ಸಂಸ್ಕರಿಸುವ ಸರತಿ ಏನಾದರೂ ಇದ್ದರೆ ಅದಕ್ಕೆ ಎರಡೂ ಬೇಡ. ಲಿಸ್ಟಿನ ಪಾಪ್(0) ಪ್ರತಿ ಸಲ ಉಳಿದವರನ್ನೆಲ್ಲ ಒಂದೊಂದು ಜಾಗ ಸರಿಸುತ್ತದೆ, ಎರಡೂ ತುದಿಯಿಂದ ಬೇಗ ತೆಗೆಯಬಹುದಾದ ಡೆಕ್ (deque) ಬಳಸಿ.

ಸಂಗ್ರಹವನ್ನು ಪಡೆಯುವ ಫಂಕ್ಷನ್‌ಗಳ ಟೈಪ್ ಹಿಂಟ್‌ನಲ್ಲಿ (ಪ್ಯಾರಾಮೀಟರ್ ಯಾವ ಬಗೆಯದು ಎಂಬ ಸೂಚನೆ) ಲಿಸ್ಟ್ ಎಂದು ಬರೆಯದೆ ಸೀಕ್ವೆನ್ಸ್ ಎಂದು ಬರೆಯಿರಿ. ಓಡುವಾಗ ಅದು ಯಾರನ್ನೂ ತಡೆಯುವುದಿಲ್ಲ. ಆದರೆ ಸೀಕ್ವೆನ್ಸ್‌ನಲ್ಲಿ ಅಪೆಂಡ್ ಇಲ್ಲ, ಸಾರ್ಟ್ ಇಲ್ಲ. ಒಳಗೆ ಯಾರಾದರೂ ಅವನ್ನು ಕರೆದರೆ ಮೈಪೈ ತರಹದ ಟೈಪ್ ಚೆಕ್ಕರ್ ಅಲ್ಲೇ ಹಿಡಿಯುತ್ತದೆ. ಒಂದು ಬೈಟೂ ಕಾಪಿ ಮಾಡದೆ ಸಿಗುವ ಕಾವಲು ಇದು, ಇಬ್ಬರು ರಿವ್ಯೂಕಾರರಿಗೂ ಒಪ್ಪಿಗೆಯಾಗಬಹುದು.

ಜಾವಾ ಆವೃತ್ತಿಯಲ್ಲಿ ಸಾಲಿಗೆ ರೆಕಾರ್ಡ್ (ನೇಮ್ಡ್‌ಟಪಲ್‌ನಂತೆ ಹೆಸರುಳ್ಳ ಜಾಗಗಳ ಕಟ್ಟು, ಜಾವಾ 16ರಿಂದ ಪೂರ್ಣವಾಗಿ ಲಭ್ಯ), ಸಂಗ್ರಹಕ್ಕೆ ಒಳಗೆ ಅರೇಲಿಸ್ಟ್, ಹೊರಗೆ ಕಾಪಿಆಫ್. ಮುಂದೆ ಎಂದಾದರೂ ಒಬ್ಬರಿಗೆ ಹಲವು ಅಂಕಗಳು ಬಂದು ರೆಕಾರ್ಡ್ ಒಳಗೇ ಲಿಸ್ಟ್ ಇಡಬೇಕಾದರೆ ಅದರ ಕನ್ಸ್ಟ್ರಕ್ಟರ್‌ನಲ್ಲೂ ಕಾಪಿಆಫ್ ಮಾಡಿ. ಟಪಲ್‌ನ ಹಾಗೆಯೇ ರೆಕಾರ್ಡ್ ಕೂಡ ತನ್ನೊಳಗಿನ ಲಿಸ್ಟನ್ನು ಕಾಯುವುದಿಲ್ಲ.